ಅಂಗೈಗೆ ಕೇಳಿದ ಗುಂಯ್

ಗುಡಗೇರಿ ಖಾನಾವಳಿಯ ಆ ರೇಡಿಯೊವನ್ನು ಮೊದಲ ಸಲ ಚಾಲೂ ಮಾಡಿದಾಗ ಅದರಿಂದ ಹಾಡೂ ಬರಲಿಲ್ಲ, ಮಾತೂ ಬರಲಿಲ್ಲ. ದೂರದಲ್ಲೆಲ್ಲೋ ಹಿಟ್ಟಿನ ಗಿರಣಿ ತಿರುಗುತ್ತಿರುವಂತೆ ಒಂದೇ ಸಮನೆ ಗುಂಯ್ ಎನ್ನುವ ಸದ್ದು. ವಾಲ್ಯೂಮ್ ಪೂರ್ತಿ ಇಳಿಸಿದರೂ ಅಷ್ಟೇ, ಏರಿಸಿದರೂ ಅಷ್ಟೇ. ನಮ್ಮ ಕಸುಬಿನವರು ಇದಕ್ಕೆ ಹಮ್ಮಿಂಗ್ ಎನ್ನುತ್ತೇವೆ. ಒಳಗೆ ಗಾಜಿನ ವಾಲ್ವ್‌ಗಳಿರುವ ಹಳೆಯ ರೇಡಿಯೊಗಳಿಗೆ ಇದು ನೆಗಡಿ ಕೆಮ್ಮಿನಷ್ಟೇ ಸಾಮಾನ್ಯ. ಸಂಜೆಯೊಳಗೆ ಮುಗಿಯುವ ಕೆಲಸ ಎಂದುಕೊಂಡೆ.

ಕುಂದಗೋಳದಲ್ಲಿ ನನ್ನದೊಂದು ಸಣ್ಣ ರಿಪೇರಿ ಅಂಗಡಿ. ಹೊಲದ ಮೋಟಾರಿನ ಸ್ಟಾರ್ಟರ್, ಮಿಕ್ಸರ್, ಸೀಲಿಂಗ್ ಫ್ಯಾನ್ ಇವೇ ದಿನದ ಕೆಲಸ. ವಾಲ್ವ್ ರೇಡಿಯೊ ವರ್ಷಕ್ಕೆ ಒಂದೋ ಎರಡೋ ಬಂದರೆ ಹೆಚ್ಚು. ಬಂದದ್ದೂ ಶೋಕೇಸಿನಲ್ಲಿಡಲು ಬೇಕಾದವರದ್ದು. ಆದರೆ ಇದನ್ನು ಹಾಸಿಗೆ ಚಾದರದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದವರು ದಿನಾ ಕೇಳುವವರ ಮನೆಯವರು. ಗುಡಗೇರಿ ಸ್ಟೇಷನ್ನಿನ ಹತ್ತಿರ ರೊಟ್ಟಿ ಖಾನಾವಳಿ ನಡೆಸುವ, ಗಿರಾಕಿಗಳೆಲ್ಲ ಅಕ್ಕ ಎನ್ನುವ ಹೆಂಗಸಿನ ಗಂಡ ಅವರು. ಅರವತ್ತು ದಾಟಿದ ಮನುಷ್ಯ. ನಾನು ಅವರನ್ನು ಕಾಕಾ ಎಂದೇ ಕರೆದೆ.

"ಇದು ಆಕಿ ತವರುಮನಿದರಿ," ಎಂದರು. "ಆಕಿಗೆ ಕಿವಿ ಅಷ್ಟಕ್ಕಷ್ಟ. ಮೊಬೈಲ್‌ನ್ಯಾಗಿನ ಹಾಡು ಒಟ್ಟ ತಿಳಿಯಂಗಿಲ್ಲ. ಇದರ ಮ್ಯಾಲ ಕೈ ಇಟ್ಟು ಕೇಳ್ತಾಳ."

"ಕೈ ಇಟ್ಟು?"

"ಹೌದ್ರಿ. ದಪ್ಪ ದನಿ ಆಕಿಗೆ ತಿಳಿತೈತಿ, ಸಣ್ಣ ದನಿ ತಿಳಿಯಂಗಿಲ್ಲ. ಗೂಡ್ಸ್ ಗಾಡಿ ಬರೂದು ನನಗಿಂತ ಮೊದಲ ಆಕಿಗೇ ಗೊತ್ತಾಕ್ಕೈತಿ. ಬಾಜೂಕ ಕುಕ್ಕರ್ ಸೀಟಿ ಹೊಡದ್ರ ಗೊತ್ತಾಗಂಗಿಲ್ಲ."

ಅವಸರಕ್ಕೆ ಕಾರಣವಿತ್ತು. ಆ ಅಕ್ಕನ ತಂಗಿ ಜನಪದ ಹಾಡುವವಳು. ಧಾರವಾಡಕ್ಕೆ ಹೋಗಿ ರೇಡಿಯೊಗಾಗಿ ಹಾಡಿ ಬಂದಿದ್ದಳು. ಮುಂದಿನ ವಾರ ಮುಂಜಾನೆಯ ಕಾರ್ಯಕ್ರಮದಲ್ಲಿ ಅದು ಬರುವುದಿತ್ತು. ಕಿವಿ ಮಂದವಾದ ಮೇಲೆ ತಂಗಿಯ ಹಾಡನ್ನು ಅಕ್ಕ ಕೇಳಿಯೇ ಇರಲಿಲ್ಲ. ಕಿವಿಗೆ ಹಾಕಿಕೊಳ್ಳುವ ಮಷೀನು ಪಾತ್ರೆಗಳ ಸದ್ದಿನಲ್ಲಿ ತಲೆ ಸಿಡಿಸುತ್ತದೆಂದು ಅದನ್ನು ಎತ್ತಿಟ್ಟು ಬಹಳ ಕಾಲವಾಗಿತ್ತು.

ಹೊರಡುವಾಗ ಕಾಕಾ ದನಿ ತಗ್ಗಿಸಿದರು. "ಭಾಳ ಬಾರೀಕ ಕೆಲಸ ಬ್ಯಾಡ್ರಿ ಅಣ್ಣಾರ. ಹಾಡು ಬಂದ್ರ ಸಾಕು. ಜರಾ ಗುಂಯ್ ಅಂದ್ರೂ ಆಕಿಗೆ ಎಲ್ಲಿ ತಿಳಿತೈತಿ?"

ನಾನೂ ಹಾಗೆಯೇ ಅಂದುಕೊಂಡೆ.

ಮರದ ಪೆಟ್ಟಿಗೆಯಿಂದ ಚಾಸಿಯನ್ನು, ಅಂದರೆ ಒಳಗಿನ ಭಾಗಗಳನ್ನೆಲ್ಲ ಕೂರಿಸಿದ ತಗಡಿನ ಚೌಕಟ್ಟನ್ನು, ಹೊರಗೆ ಎಳೆದೆ. ಹಿಂದೆ ರಿಪೇರಿ ಮಾಡಿದವರು ಒಂದೆರಡು ಕಡೆ ಕೈಯಾಡಿಸಿದ ಗುರುತಿತ್ತು. ಹಿಂಭಾಗದ ಪಟ್ಟಿಯಲ್ಲಿ, ಸೆಟ್ಟನ್ನು ಎಷ್ಟು ವೋಲ್ಟಿನ ಲೈನಿಗೆ ಜೋಡಿಸಿದೆ ಎಂದು ತೋರಿಸುವ ಪ್ಲಗ್ಗು 245ರಲ್ಲಿ ಕೂತಿತ್ತು. ಸರಿಯಾಗಿದೆ ಎಂದು ಮುಂದೆ ಹೋದೆ.

ನಮ್ಮ ಮನೆಗೆ ಬರುವ ಕರೆಂಟು ಏರುತ್ತ ಇಳಿಯುತ್ತ ಬರುತ್ತದೆ. ರೇಡಿಯೊದ ವಾಲ್ವ್‌ಗಳಿಗೆ ಬೇಕಾದುದು ಏರಿಳಿತವಿಲ್ಲದ ಕರೆಂಟು. ಆ ಏರಿಳಿತವನ್ನು ನುಂಗಿಕೊಳ್ಳಲು ಎರಡು ದೊಡ್ಡ ಕಂಡೆನ್ಸರ್‌ಗಳಿರುತ್ತವೆ. ವಯಸ್ಸಾದಂತೆ ಅವು ಒಳಗೊಳಗೇ ಒಣಗುತ್ತವೆ. ಆಮೇಲೆ ನುಂಗದೆ ಉಳಿದ ಏರಿಳಿತ ಸ್ಪೀಕರಿಗೆ ಹೋಗಿ ಗುಂಯ್ ಎನ್ನುತ್ತದೆ. ಇದರಲ್ಲಿ ಅವುಗಳ ಡಬ್ಬಿಯ ತಲೆ ಉಬ್ಬಿಕೊಂಡಿತ್ತು. ಹಳೆಯ ಡಬ್ಬಿಯನ್ನು ನೋಟಕ್ಕೆಂದು ಹಾಗೇ ಬಿಟ್ಟು, ಚಾಸಿಯ ಕೆಳಗೆ ಹೊಸವನ್ನು ಬೆಸೆದೆ. ಹಳೆಯ ಸೆಟ್ಟನ್ನು ನಾನು ಯಾವತ್ತೂ ನೇರ ಲೈನಿಗೆ ಹಾಕುವುದಿಲ್ಲ. ನಡುವೆ ಒಂದು ಬಲ್ಬನ್ನು ಸರಣಿಯಲ್ಲಿ ಜೋಡಿಸುತ್ತೇನೆ. ಒಳಗೆ ಶಾರ್ಟ್ ಇದ್ದರೆ ಬಲ್ಬು ಉರಿಯುತ್ತದೆ, ಟ್ರಾನ್ಸ್‌ಫಾರ್ಮರ್ ಉಳಿಯುತ್ತದೆ. ಹಾಗೆಯೇ ಚಾಲೂ ಮಾಡಿದೆ.

ಸದ್ದು ಅರ್ಧಕ್ಕಿಳಿಯಿತು. ಪೂರ್ತಿ ಹೋಗಲಿಲ್ಲ.

ಮೊದಲ ಕಿರಿಕಿರಿ ಶುರುವಾದದ್ದು ಅಲ್ಲಿ. ವಾಲ್ವ್‌ಗಳನ್ನು ಒಂದೊಂದಾಗಿ ಕಿತ್ತು ನೋಡಿದೆ. ಸ್ಪೀಕರಿಗೆ ಶಕ್ತಿ ಕೊಡುವ ಕೊನೆಯ ವಾಲ್ವಿನ ಹಿಂದಿನದನ್ನು ಕಿತ್ತಾಗ ಗುಂಯ್ ನಿಂತಿತು. ಅಂದರೆ ಅದು ನುಸುಳುತ್ತಿದ್ದದ್ದು ಆ ವಾಲ್ವಿನಲ್ಲಿ, ಇಲ್ಲವೇ ಅದಕ್ಕೂ ಮೊದಲು. ಹುಬ್ಬಳ್ಳಿಯಲ್ಲಿ ಹಳೆಯ ವಾಲ್ವ್ ಮಾರುವವರ ಹತ್ತಿರ ಹೋಗಿ ಅದೇ ನಂಬರಿನ ಇನ್ನೊಂದನ್ನು ತಂದೆ. ಹಾಕಿದೆ. ಅದೂ ಗುಂಯ್ ಎಂದಿತು. ಮತ್ತೆ ಹುಡುಕಿದಾಗ ಕಂಡದ್ದು ವಾಲ್ಯೂಮ್ ಗುಂಡಿಯಿಂದ ಆ ವಾಲ್ವಿಗೆ ಹೋಗುವ ತಂತಿ. ಸುತ್ತ ಲೋಹದ ಜಾಳಿಗೆ ಇರುವ ತಂತಿ ಇರಬೇಕಾದಲ್ಲಿ ಯಾರೋ ಬರಿಯ ವೈರ್ ಹಾಕಿದ್ದರು. ಅದು ಅಕ್ಕಪಕ್ಕದ ಕರೆಂಟಿನ ತಂತಿಗಳ ಸದ್ದನ್ನೆಲ್ಲ ಹಿಡಿದು ತರುತ್ತಿತ್ತು. ಅದನ್ನು ಬದಲಿಸಿ, ಜಾಳಿಗೆಯ ಒಂದು ತುದಿಯನ್ನು ಚಾಸಿಗೆ ಬೆಸೆದೆ. ಸ್ಪೀಕರಿನ ಬಟ್ಟೆಗೆ ಕಿವಿ ಹಚ್ಚಿದರೆ ಮಾತ್ರ ಕೇಳುವಷ್ಟಕ್ಕೆ ಸದ್ದು ಇಳಿಯಿತು. ಇದಕ್ಕಿಂತ ಕಡಿಮೆ ಮಾಡಲು ಈ ವಯಸ್ಸಿನ ಸೆಟ್ಟಿನಲ್ಲಿ ಆಗದು ಎಂದು ಮುಚ್ಚಳ ಹಾಕಿದೆ.

ರೇಡಿಯೊವನ್ನು ನಾನೇ ಗುಡಗೇರಿಗೆ ಒಯ್ದೆ. ಊಟದ ಗದ್ದಲ ಮುಗಿದ ಹೊತ್ತು. ಅಕ್ಕ ಹಿಟ್ಟಿನ ಪರಾತದ ಮುಂದೆ ಕೂತು ಕೊನೆಯ ರೊಟ್ಟಿಗಳನ್ನು ಬಡಿಯುತ್ತಿದ್ದರು. ನನ್ನ ತುಟಿಯನ್ನೇ ನೋಡುತ್ತ ಮಾತು ಹಿಡಿಯುತ್ತಿದ್ದರು. ರೇಡಿಯೊವನ್ನು ಅವರು ಕೂರುವ ಜಾಗದ ಬದಿಯ ಹಲಗೆಯ ಮೇಲಿಟ್ಟು ಹಚ್ಚಿದೆ. ಸೆರಗಿಗೆ ಕೈ ಒರೆಸಿಕೊಂಡು ಅಂಗೈಯನ್ನು ಪೆಟ್ಟಿಗೆಯ ನೆತ್ತಿಯ ಮೇಲಿಟ್ಟರು. ಕಣ್ಣು ಮುಚ್ಚಿದರು.

"ಬರಾಕತ್ತೈತಿ," ಎಂದರು. ಆಮೇಲೆ, "ಕೆಳಗ ಏನೋ ಜರಾ ನಡುಗತೈತ್ರಿ. ಇರ್ಲಿ, ಭಾಳ ಇಲ್ಲ."

ಆ 'ಜರಾ ನಡುಗತೈತಿ' ಎಂಬುದನ್ನು ನಾನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ರೊಟ್ಟಿ, ಪುಂಡಿಪಲ್ಲೆ ಉಂಡು ಬಸ್ ಹತ್ತಿದೆ.

ತಂಗಿಯ ಹಾಡು ಬರುವ ಮುಂಜಾನೆ ಕಾಕಾನ ಫೋನ್ ಬಂತು. ನಾನು ಇನ್ನೂ ಅಂಗಡಿಯ ಶಟರ್ ಎತ್ತುತ್ತಿದ್ದೆ.

"ಅಣ್ಣಾರ, ಮತ್ತ ಗುಂಯ್ ಅನ್ನಾಕತ್ತೈತಿ! ಹಾಡು ಚಾಲೂ ಆತು!"

"ಫೋನ್ ರೇಡಿಯೊದ ಬಾಜೂಕ ಹಿಡೀರಿ," ಎಂದೆ.

ಹಿಡಿದರು. ಹೆಂಗಸಿನ ದಪ್ಪ ದನಿ, ಹಿಂದೆ ದಮ್ಮಡಿಯ ಬಡಿತ. ಸ್ವಚ್ಛವಾಗಿ ಬರುತ್ತಿತ್ತು. ಗುಂಯ್ ಎಂಬುದರ ಸುಳಿವೇ ಇರಲಿಲ್ಲ.

"ಚಲೋ ಬರಾಕತ್ತೈತಲ್ಲ ಕಾಕಾ, ಎಲ್ಲೈತಿ ಗುಂಯ್?"

"ಹಾಡು ನನಗೂ ಕೇಳ್ತೈತ್ರಿ. ಆಕಿ ಕೈಗೆ ಸಿಗವಲ್ದು. ಬರೇ ನಡುಗತೈತಿ ಅಂತಾಳ. ಏನ್ ಮಾಡ್ಲಿ, ಹೇಳ್ರಿ ಲಗೂನ."

ವಾಲ್ಯೂಮ್ ಏರಿಸಿ ಎಂದೆ. ಪ್ಲಗ್ ತಿರುಗಿಸಿ ಹಾಕಿ ಎಂದೆ. ಅವರು ಪ್ಲಗ್ ತೆಗೆದು ಹಾಕುವಷ್ಟರಲ್ಲಿ, ವಾಲ್ವ್‌ಗಳು ಮತ್ತೆ ಬಿಸಿಯಾಗುವಷ್ಟರಲ್ಲಿ ಒಂದು ಚರಣ ಹೋಯಿತು. ಹಾಡು ಮುಗಿದು ಹಾಡಿದವರ ಹೆಸರು ಹೇಳಿದರು. "ಆತು ಬಿಡ್ರಿ," ಎಂದು ಕಾಕಾ ಇಟ್ಟರು.

ಶಟರಿನ ಮುಂದೆ ಹಾಗೇ ನಿಂತಿದ್ದೆ. ಫೋನಿನ ಪುಟ್ಟ ಮೈಕು ಅಷ್ಟು ತಗ್ಗಿನ ಸದ್ದನ್ನು ದಾಟಿಸುವುದೇ ಇಲ್ಲ ಎಂಬುದು ಈ ಕಸುಬಿನವನಾದ ನನಗೆ ತಿಳಿದಿರಬೇಕಿತ್ತು. ಆಕೆಗೆ ಕೇಳುವ ಸದ್ದೆಲ್ಲ ಇರುವುದೇ ಆ ತಗ್ಗಿನಲ್ಲಿ. ತಂಗಿ ಹಾಡಿದ್ದನ್ನು ನಾನು ಕೇಳಿದೆ, ಅಕ್ಕನಿಗೆ ಕೇಳಲಿಲ್ಲ.

ಕೈಯಲ್ಲಿದ್ದ ಕೆಲಸ ಮುಗಿಸಿ ಮಧ್ಯಾಹ್ನ ಗುಡಗೇರಿಗೆ ಹೋದೆ. ಅವತ್ತು ಸಂತೆ, ಬಸ್ಸಿನಲ್ಲಿ ನಿಲ್ಲಲೂ ಜಾಗವಿಲ್ಲ. ಹೋಗಿ ರೇಡಿಯೊ ಹಚ್ಚಿದರೆ ಗುಂಯ್ ಇಲ್ಲ. ಕಿವಿ ಹಚ್ಚಿ ಕೇಳಿದೆ, ಅಂಗಡಿಯಲ್ಲಿ ಹೇಗಿತ್ತೋ ಹಾಗೇ ಇತ್ತು.

"ಮುಂಜಾನಿ ಹಿಂಗ ಇರಲಿಲ್ರಿ," ಎಂದರು ಅಕ್ಕ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಹೇಳಲಾರೆ. ಆಕೆ ಇಲ್ಲದ್ದನ್ನು ಹೇಳುತ್ತಿದ್ದಾಳೆ ಎಂದು ಒಂದು ಕ್ಷಣ ಅನ್ನಿಸಿದ್ದೂ ನಿಜ. ಮತ್ತೆ ಚಾದರದಲ್ಲಿ ಸುತ್ತಿಕೊಂಡು ಕುಂದಗೋಳಕ್ಕೆ ತಂದೆ.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಹಲ್ಲು ಕಚ್ಚುವಂತಾಗುತ್ತದೆ. ಏರಿಳಿವ ಕರೆಂಟನ್ನು ಸಮ ಮಾಡುವ ವಾಲ್ವ್ ಬದಲಿಸಿದೆ. ಸ್ಪೀಕರಿಗೆ ಶಕ್ತಿ ಕೊಡುವ ವಾಲ್ವ್ ಬದಲಿಸಿದೆ. ವಾಲ್ವ್‌ಗಳ ಒಳಗಿನ ಎಳೆಯನ್ನು ಕಾಯಿಸುವ ಜೋಡಿ ತಂತಿಗಳನ್ನು ಬಿಚ್ಚಿ, ಮತ್ತೆ ಬಿಗಿಯಾಗಿ ಹುರಿ ಹೊಸೆದು ಚಾಸಿಯ ಮೂಲೆಗೆ ಒತ್ತಿ ಕೂರಿಸಿದೆ. ಅರ್ಥಿಂಗ್ ಬೆಸುಗೆಗಳನ್ನೆಲ್ಲ ಕೆರೆದು ಹೊಸದಾಗಿ ಹಾಕಿದೆ. ಈ ಗಡಿಬಿಡಿಯಲ್ಲಿ ಸ್ಟೇಷನ್ ಮುಳ್ಳನ್ನು ಎಳೆಯುವ ದಾರ ಸ್ಕ್ರೂಡ್ರೈವರಿಗೆ ಸಿಕ್ಕಿ ಹರಿಯಿತು. ಸಣ್ಣ ಚಕ್ರಗಳ ಮೇಲೆ ಅದನ್ನು ಮತ್ತೆ ಸುತ್ತುವುದರಲ್ಲಿ ಒಂದು ಇಡೀ ದಿನ ಕೆಟ್ಟಿತು. ಸುತ್ತಿದ ಮೇಲೆ ಮುಳ್ಳು ತಿರುಗುಮುರುಗಾಗಿ ಓಡಿತು. ಮತ್ತೆ ಬಿಚ್ಚಿದೆ. ಇತ್ತ ಬೆಳೆಗೆ ನೀರು ಹಾಯಿಸಬೇಕಾದವರು ಸ್ಟಾರ್ಟರ್ ಕೊಡು ಎಂದು ಬಾಗಿಲಲ್ಲಿ ನಿಂತಿದ್ದರು. ಇಷ್ಟೆಲ್ಲ ಮಾಡಿದರೂ ನನ್ನ ಟೇಬಲ್ಲಿನ ಮೇಲೆ ಆ ರೇಡಿಯೊ ಮೊದಲು ಎಷ್ಟು ಸುಮ್ಮನಿತ್ತೋ ಅಷ್ಟೇ ಸುಮ್ಮನಿತ್ತು. ಇಲ್ಲದ ರೋಗಕ್ಕೆ ಔಷಧ ಮಾಡುತ್ತಿದ್ದೆ.

ಹುಬ್ಬಳ್ಳಿಯ ವಾಲ್ವ್ ಮಾರುವವರಿಗೆ ಫೋನ್ ಮಾಡಿ ಗೋಳು ಹೇಳಿಕೊಂಡೆ. ಅವರು ನಕ್ಕರು.

"ಯಾಕ್ ತಲಿ ಕೆಡಿಸ್ಕೋತೀರಿ? ಒಳಗಿಂದೆಲ್ಲ ಕಿತ್ತು ಒಂದು ರೆಡಿಮೇಡ್ ಬೋರ್ಡ್ ಕುಂದರಿಸಿ ಬಿಡ್ರಿ. ಹೊರಗ ಮರದ ಪೆಟ್ಟಿಗಿ, ಒಳಗ ಹೊಸ ಮಾಲು. ಯಾರು ಬಿಚ್ಚಿ ನೋಡ್ತಾರ?"

ಆ ಮಾತು ಕೇಳಿ ಡ್ರಾಯರ್ ಎಳೆದೆ, ಸುಳ್ಳು ಹೇಳುವುದಿಲ್ಲ. ಅಂಥ ಬೋರ್ಡು ಒಂದು ಬಿದ್ದಿತ್ತು. ಅಂಗೈಯಗಲದ ಹಸಿರು ಬೋರ್ಡನ್ನು ಚಾಸಿಯ ಪಕ್ಕ ಇಟ್ಟೂ ನೋಡಿದೆ. ಅದನ್ನು ಹಾಕಿದ್ದರೆ ಹಾಡು ಬರುತ್ತಿತ್ತು, ಕಾಕಾನೂ ಒಪ್ಪುತ್ತಿದ್ದರು. ಆದರೆ 'ಮುಂಜಾನಿ ಹಿಂಗ ಇರಲಿಲ್ರಿ' ಎಂದ ಅಕ್ಕನ ಮುಖ ಎದುರಿಗೇ ಇತ್ತು. ಅವರು ಹೇಳಿದ್ದು ಮುಂಜಾನೆಯ ಮಾತು. ನಾನು ಎರಡೂ ಸಲ ಹೋದದ್ದು ಮಧ್ಯಾಹ್ನ. ರೋಗ ಇರುವುದು ಅಲ್ಲಿ, ನಾನು ಹುಡುಕುತ್ತಿರುವುದು ಇಲ್ಲಿ.

ಬೋರ್ಡನ್ನು ಡ್ರಾಯರಿಗೆ ಹಾಕಿದೆ. ಇನ್ನು ಈ ಟೇಬಲ್ಲಿನ ಮೇಲೆ ಅದನ್ನು ಬಿಚ್ಚುವುದಿಲ್ಲ, ಗುಂಯ್ ಎನ್ನುವ ಜಾಗದಲ್ಲೇ, ಗುಂಯ್ ಎನ್ನುವ ಹೊತ್ತಿನಲ್ಲೇ ಬಿಚ್ಚುತ್ತೇನೆ ಎಂದು ತೀರ್ಮಾನಿಸಿದೆ. ಮರುದಿನ ಮೊದಲ ಬಸ್ಸಿಗೆ ರೇಡಿಯೊ, ಮೀಟರ್, ಬೆಸುಗೆ ಕಡ್ಡಿ, ಸ್ಪ್ಯಾನರ್ ಎಲ್ಲ ಹೇರಿಕೊಂಡು ಹೊರಟೆ. ಸರಣಿ ಬಲ್ಬು ಮಾತ್ರ ಅಂಗಡಿಯಲ್ಲೇ ಉಳಿಯಿತು.

ಖಾನಾವಳಿಯಲ್ಲಿ ಒಲೆ ಹೊತ್ತಿಸಿದ್ದರು, ಗಿರಾಕಿಗಳು ಇನ್ನೂ ಇರಲಿಲ್ಲ. ಹಿಂಬದಿಯ ಕವಚ ತೆಗೆದು ರೇಡಿಯೊವನ್ನು ಅದೇ ಹಲಗೆಯ ಮೇಲಿಟ್ಟೆ, ನೇರ ಲೈನಿಗೆ ಹಾಕಿದೆ. ವಾಲ್ವ್‌ಗಳು ಬಿಸಿಯಾದವು. ಅಕ್ಕ ಕೈ ಇಟ್ಟರು.

"ಹಾಂ, ಈಗ ಬಂತು ನೋಡ್ರಿ."

ಸ್ಪೀಕರಿನ ಬಟ್ಟೆಗೆ ಕಿವಿ ಹಚ್ಚಿದೆ. ಅಂಗಡಿಯಲ್ಲಿದ್ದುದಕ್ಕಿಂತ ಸ್ವಲ್ಪ ಹೆಚ್ಚಿತ್ತು. ಆದರೆ ಹಾಡು ಮುಚ್ಚುವಷ್ಟೇನೂ ಅಲ್ಲ. ಏನೆಂದು ತಿಳಿಯದೆ ಮುಖ ನೋಡಿದೆ.

"ಅಲ್ಲಿ ಅಲ್ರಿ," ಎಂದರು. "ಕೈ ಇಡ್ರಿ. ಇಲ್ಲಿ, ನೆತ್ತಿ ಮ್ಯಾಲ."

ಇಟ್ಟೆ. ಪೆಟ್ಟಿಗೆ ಇಡಿಯಾಗಿ ನಡುಗುತ್ತಿತ್ತು. ಓಡುತ್ತಿರುವ ಟ್ರ್ಯಾಕ್ಟರಿನ ಟ್ರೇಲರ್ ಹಲಗೆಯ ಮೇಲೆ ಕೈ ಇಟ್ಟಂತೆ. ಎಷ್ಟೋ ರೇಡಿಯೊ ಬಿಚ್ಚಿದ್ದೇನೆ, ನಡೆಯುತ್ತಿರುವ ರೇಡಿಯೊದ ಮೇಲೆ ಹೀಗೆ ಅಂಗೈ ಹಚ್ಚಿ ನಿಂತಿರಲಿಲ್ಲ. ಹಾಡಿನ ನಡುಕ ಈ ನಡುಕದ ಅಡಿಯಲ್ಲಿ ಎಲ್ಲೋ ಹೂತುಹೋಗಿತ್ತು.

ಒಂದು ಪರೀಕ್ಷೆ ಮಾಡಿದೆ. ಬಂದ್ ಮಾಡಿ ಸ್ಪೀಕರಿನ ತಂತಿ ಬಿಚ್ಚಿದೆ. ಸ್ಪೀಕರಿಲ್ಲದೆ ಓಡಿಸಿದರೆ ಒಳಗಿನ ಭಾಗ ಸುಟ್ಟೀತೆಂದು ಅದರ ಜಾಗಕ್ಕೆ ಒಂದು ರೆಸಿಸ್ಟರ್ ಕಟ್ಟಿದೆ. ಮತ್ತೆ ಚಾಲೂ ಮಾಡಿದೆ. ಈಗ ಕಿವಿಗೆ ಏನೂ ಇಲ್ಲ. ಅಕ್ಕನ ಎದುರು ಬಂದು, ತುಟಿ ಬಿಡಿಸಿ ಕೇಳಿದೆ.

"ಇನ್ನೂ ಐತೇನ್ರಿ ಅಕ್ಕಾರ?"

"ಐತಿ. ಹಂಗ ಐತಿ."

ನನ್ನ ಅಂಗೈಯೂ ಅದನ್ನೇ ಹೇಳುತ್ತಿತ್ತು. ಸ್ಪೀಕರೇ ಇಲ್ಲದಾಗಲೂ ಇರುವ ಗುಂಯ್ ಸ್ಪೀಕರಿನದಲ್ಲ. ವಾಲ್ವ್, ಜಾಳಿಗೆ ತಂತಿ, ಬೆಸುಗೆ, ನಾನು ಇಷ್ಟು ದಿನ ಅಗೆದದ್ದೆಲ್ಲ ಸ್ಪೀಕರಿಗೆ ಹೋಗುವ ದಾರಿ. ಆಕೆಯನ್ನು ಕಾಡುತ್ತಿದ್ದದ್ದು ಆ ದಾರಿಯಲ್ಲಿ ಇರಲೇ ಇಲ್ಲ. ಒಣಮರದ ತುಂಡಿನ ತುದಿಯನ್ನು ರೇಡಿಯೊದೊಳಗಿನ ಕರೆಂಟಿನ ಟ್ರಾನ್ಸ್‌ಫಾರ್ಮರಿನ ಮೇಲೊತ್ತಿ, ಇನ್ನೊಂದು ತುದಿಗೆ ಕಿವಿ ಕೊಟ್ಟೆ. ಗಿರಣಿ ಅಲ್ಲಿತ್ತು. ಅದರ ಕಬ್ಬಿಣದ ಹಾಳೆಗಳು ಒಂದಕ್ಕೊಂದು ಬಡಿದುಕೊಂಡು ಚಾಸಿಯನ್ನೂ ಪೆಟ್ಟಿಗೆಯನ್ನೂ ಅಲುಗಿಸುತ್ತಿದ್ದವು.

ಮೀಟರನ್ನು ಗೋಡೆಯ ಸಾಕೆಟ್ಟಿಗೆ ಹಾಕಿದೆ. ಮುಳ್ಳು 250ರ ಮೇಲೆ ನಿಂತಿತು. ಬಾಗಿಲಾಚೆ ಇಣುಕಿದರೆ ಊರಿಗೆ ಕರೆಂಟು ಹಂಚುವ ದೊಡ್ಡ ಟ್ರಾನ್ಸ್‌ಫಾರ್ಮರು, ಟಿಸಿ, ಖಾನಾವಳಿಯ ಪಕ್ಕದಲ್ಲೇ ಇತ್ತು; ಅದಕ್ಕೆ ಹತ್ತಿರವಿದ್ದಷ್ಟೂ ವೋಲ್ಟೇಜ್ ಹೆಚ್ಚು. ಮುಂಜಾನೆ ಹೊಲದ ಮೋಟಾರುಗಳಿಗೆ ಲೈನ್ ಬಿಟ್ಟಿರುವುದಿಲ್ಲ, ವೋಲ್ಟೇಜ್ ಏರಿ ಕೂತಿರುತ್ತದೆ. ಮಧ್ಯಾಹ್ನ ಮೋಟಾರುಗಳು ಎಳೆಯತೊಡಗಿದ ಮೇಲೆ ಇಳಿಯುತ್ತದೆ. ಆದರೂ 245ಕ್ಕೆ ಜೋಡಿಸಿದ ಸೆಟ್ಟು ಇಷ್ಟಕ್ಕೆ ಹೀಗೆ ಒದರಬಾರದು. ವಾಲ್ವ್ ಕಾಯಿಸುವ ತಂತಿಯಲ್ಲಿ ಅಳೆದೆ. ಆರು ಚಿಲ್ಲರೆ ವೋಲ್ಟು ಇರಬೇಕಾದಲ್ಲಿ ಎಂಟರ ಹತ್ತಿರ ತೋರಿಸಿತು.

ಆಗ ಹಿಂಬದಿಯ ಪಟ್ಟಿಯನ್ನೇ ಬಿಚ್ಚಿದೆ. ಹೊರಗೆ ಪ್ಲಗ್ಗು 245 ಎನ್ನುತ್ತಿತ್ತು. ಒಳಗೆ ಅದರ ತಂತಿಯನ್ನು ಕತ್ತರಿಸಿ, ಲೈನನ್ನು ನೇರವಾಗಿ 200ರ ಕಡ್ಡಿಗೆ ಬೆಸೆದಿದ್ದರು. ಪ್ಲಗ್ಗು ಬರಿಯ ಅಲಂಕಾರ. ಇನ್ನೂರು ವೋಲ್ಟಿಗೆಂದು ಇದ್ದ ಜಾಗಕ್ಕೆ ಇನ್ನೂರೈವತ್ತು ನುಗ್ಗುತ್ತಿತ್ತು. ಹಾಗೆ ಮಾಡಿದವನನ್ನು ಬೈಯಲೂ ಆಗುವುದಿಲ್ಲ. ವೋಲ್ಟೇಜ್ ಸಾಲದೆ ಬಲ್ಬುಗಳು ಕೆಂಪಗೆ ಮಿಣುಕುತ್ತಿದ್ದ ಕಾಲದಲ್ಲಿ ಸೆಟ್ಟಿಗೆ ದನಿ ಬರಲಿ ಎಂದು ಮಾಡಿದ ಕೆಲಸ ಅದು. ನನ್ನ ಅಂಗಡಿಯಲ್ಲಿ ಸರಣಿ ಬಲ್ಬು ಒಂದಷ್ಟು ವೋಲ್ಟು ತಿಂದು ಇದಕ್ಕೆ ಸರಿಯಾಗಿ ಇನ್ನೂರರಷ್ಟನ್ನೇ ಕೊಡುತ್ತಿತ್ತು. ಸೆಟ್ಟನ್ನು ಕಾಪಾಡಲೆಂದು ಹಾಕಿದ ಬಲ್ಬೇ ರೋಗವನ್ನು ನನ್ನಿಂದ ಮುಚ್ಚಿಟ್ಟಿತ್ತು. ಒಂದು ಸಲ ಬಲ್ಬು ತೆಗೆದು ಅಳೆದಿದ್ದರೆ ತಂಗಿಯ ಹಾಡು ತಪ್ಪುತ್ತಿರಲಿಲ್ಲ.

ತಂತಿಯನ್ನು 245ರ ಕಡ್ಡಿಗೆ ಬದಲಿಸಿದೆ. ನಡುಕ ಬಹುಪಾಲು ಇಳಿಯಿತು. ಟ್ರಾನ್ಸ್‌ಫಾರ್ಮರಿನ ಬೋಲ್ಟುಗಳು ಸಡಿಲಾಗಿದ್ದವು, ಬಿಗಿದೆ. ಚಾಸಿಗೂ ಪೆಟ್ಟಿಗೆಗೂ ನಡುವೆ ಇದ್ದ ರಬ್ಬರ್ ಬಿಲ್ಲೆಗಳು ಉಗುರು ಒತ್ತಿದರೆ ಉಗುರೇ ಮುರಿಯುವಷ್ಟು ಗಟ್ಟಿಯಾಗಿದ್ದವು. ಕಾಕಾ ಸೈಕಲ್ ಅಂಗಡಿಗೆ ಹೋಗಿ ಹಳೆಯ ಟ್ಯೂಬಿನ ತುಂಡು ತಂದರು. ಅದನ್ನೇ ಕತ್ತರಿಸಿ ಮಡಿಸಿ ಬಿಲ್ಲೆ ಮಾಡಿ ಕೂರಿಸಿದೆ. ಸ್ಪೀಕರ್ ಜೋಡಿಸಿ ಚಾಲೂ ಮಾಡಿದೆ.

ಅಕ್ಕ ಕೈ ಇಟ್ಟರು. ಇನ್ನೊಂದು ಕೈಯನ್ನೂ ಇಟ್ಟರು.

"ಹೋತು," ಎಂದರು.

ಹೋಗಿರಲಿಲ್ಲ. ಸ್ಪೀಕರಿನಲ್ಲಿ ಆ ಸಣ್ಣ ಗುಂಯ್ ಇನ್ನೂ ಉಳಿದಿತ್ತು. ಬಟ್ಟೆಗೆ ಕಿವಿ ಹಚ್ಚಿದರೆ ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಇಷ್ಟು ಹೆಣಗಿದ ಮೇಲೂ ಉಳಿದದ್ದು ನನಗೆ ಸಹಿಸಲಾಗಲಿಲ್ಲ.

"ಇನ್ನೊಂದೆರಡು ದಿನ ಕೊಡ್ರಿ ಅಕ್ಕಾರ. ಒಯ್ದು ಅದನ್ನೂ ತಗದು ತರ್ತೀನಿ."

"ನನಗ ತಿಳಿಲಾರದ್ದು ಇದ್ರ ಇರ್ಲಿ ಬಿಡ್ರಿ," ಎಂದರು ಅಕ್ಕ. "ಇನ್ನ ಇದು ಎಲ್ಲೂ ಬರಂಗಿಲ್ಲ."

ಸಾಮಾನು ಚೀಲಕ್ಕೆ ತುಂಬುತ್ತ, ಹೇಳಲೋ ಬೇಡವೋ ಎಂದುಕೊಂಡಿದ್ದನ್ನು ಹೇಳಿದೆ. ಆ ಹಾಡನ್ನು ಮತ್ತೆ ಹಾಕುತ್ತಾರೋ ಎಂದು ಧಾರವಾಡದ ರೇಡಿಯೊ ಕೇಂದ್ರಕ್ಕೆ ಫೋನ್ ಮಾಡಿ ಕೇಳಿದ್ದೆ, ಹೇಳಲಾಗುವುದಿಲ್ಲ ಎಂದಿದ್ದರು. ಅಕ್ಕ ನನ್ನ ತುಟಿಯನ್ನು ಪೂರ್ತಿ ಓದಿ ಮುಗಿಸಿದರು.

"ಆಕಿ ನನ್ನ ಮುಂದ ಕುಂತು ಹಾಡಿದ್ರೂ ನನಗ ಬಾಯಿ ಅಷ್ಟ ಕಾಣ್ತೈತಿ ಅಣ್ಣಾರ. ಇದರಾಗ ಬಂದಿದ್ರ ದನಿ ತಿಳಿತಿತ್ತು." ಅಷ್ಟು ಹೇಳಿ ಪರಾತಕ್ಕೆ ಹಿಟ್ಟು ಸುರಿದುಕೊಂಡರು. ಕಾಕಾ ಚಹಾ ತಂದು ನನ್ನ ಕೈಗೆ ಕೊಟ್ಟರು.

ರೇಡಿಯೊದಲ್ಲಿ ಪೇಟೆ ಧಾರಣೆ ಓದುತ್ತಿದ್ದರು. ಕಡಲೆ, ಗೋವಿನಜೋಳ, ಒಣಮೆಣಸಿನಕಾಯಿ. ನಾನು ಚಹಾ ಕುಡಿಯುತ್ತಲೂ ಓದುವವನ ಮಾತಿನ ಸಂದಿಯಲ್ಲಿ ಉಳಿದ ಆ ಗುಂಯ್ ಅನ್ನೇ ಹುಡುಕುತ್ತಿದ್ದೆ. ಅಕ್ಕ ಒಂದು ಕೈ ಪರಾತದ ಹಿಟ್ಟಿನಲ್ಲಿ, ಒಂದು ಕೈ ಪೆಟ್ಟಿಗೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಇದ್ದಕ್ಕಿದ್ದಂತೆ ಹುಬ್ಬು ಗಂಟಿಕ್ಕಿ ಗಂಡನತ್ತ ತಿರುಗಿದರು.

"ಈ ಮನಶ್ಯಾಗ ನೆಗಡಿ ಆಗೇತಲ್ಲ?"

ನಾನು ಗುಂಯ್ ಬಿಟ್ಟು ಧಾರಣೆ ಓದುವವನ ಮಾತು ಕೇಳಿದೆ. ಹೌದು, ಅವನ ಮೂಗು ಕಟ್ಟಿತ್ತು. ಮೆಣಸಿನಕಾಯಿಯ ದರ ಮುಗಿಸಿ, ಆತ ಮೈಕಿನಿಂದ ಮುಖ ಅತ್ತ ತಿರುಗಿಸಿಕೊಂಡು ಒಮ್ಮೆ ಸೀನಿದ.